ಮಗುವಿನ ಅಭಿರಕ್ಷೆ: ಅರ್ಜಿ ಯಾವ ಊರಿನ ನ್ಯಾಯಾಲಯಕ್ಕೆ?

ಪತಿ ಪತ್ನಿಯರು ಬೇರೆಯಾದಾಗ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಗಿಂತ ಮೊದಲೇ ಮತ್ತೊಂದು ಪ್ರಶ್ನೆ ಏಳುತ್ತದೆ: ಅರ್ಜಿಯನ್ನು ಯಾವ ಊರಿನ ನ್ಯಾಯಾಲಯಕ್ಕೆ ಸಲ್ಲಿಸಬೇಕು? ಸಂಸಾರ ಒಂದು ರಾಜ್ಯದಲ್ಲಿ, ತವರು ಇನ್ನೊಂದು ರಾಜ್ಯದಲ್ಲಿ ಇರುವ ಹೊರನಾಡಿನ ಕನ್ನಡಿಗರಿಗೆ ಇದು ವಿಶೇಷವಾಗಿ ತೊಡಕಿನ ಪ್ರಶ್ನೆ.

ಪುಣೆಯಲ್ಲಿ ನೆಲೆಸಿದ ದಂಪತಿಗಳಿಗೆ ಏಳು ವರ್ಷದ ಮಗಳಿದ್ದಾಳೆಂದು ಭಾವಿಸೋಣ. ಅವಳು ಓದುತ್ತಿರುವುದೂ ಅಲ್ಲಿಯೇ. ಬೇಸಿಗೆ ರಜೆಯಲ್ಲಿ ಮಗಳೊಡನೆ ಧಾರವಾಡದ ತವರಿಗೆ ಹೋದ ತಾಯಿ, ಮನಸ್ತಾಪದಿಂದಾಗಿ ಹಿಂದಿರುಗಲಿಲ್ಲ. ತಿಂಗಳೊಳಗೆ ತಂದೆ ಪುಣೆಯಲ್ಲಿಯೂ ತಾಯಿ ಧಾರವಾಡದಲ್ಲಿಯೂ ಅರ್ಜಿ ಸಲ್ಲಿಸಿದರು. ಯಾವುದು ನಿಲ್ಲುತ್ತದೆ?

1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮದ 9ನೆಯ ಪ್ರಕರಣದ ಮೇರೆಗೆ, ಅಪ್ರಾಪ್ತವಯಸ್ಕ ಮಗು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. 1984ರ ಅಧಿನಿಯಮದಂತೆ ಕುಟುಂಬ ನ್ಯಾಯಾಲಯ ಸ್ಥಾಪಿತವಾಗಿರುವ ಕಡೆ ಅದೇ ಇದನ್ನು ವಿಚಾರಿಸುತ್ತದೆ. ‘ಸಾಮಾನ್ಯವಾಗಿ’ ಎಂಬುದು ನಿತ್ಯದ ಮಾತಿನಲ್ಲಿ ಹಗುರವಾದ ಪದ. ಇಲ್ಲಿ ಮಾತ್ರ ಇಡೀ ವ್ಯಾಜ್ಯದ ಭಾರ ಅದರ ಮೇಲಿದೆ. ತಂದೆತಾಯಿಯರ ಹುಟ್ಟೂರಾಗಲಿ, ಮದುವೆ ನಡೆದ ಊರಾಗಲಿ ಇದನ್ನು ನಿರ್ಧರಿಸುವುದಿಲ್ಲ. ಮಗು ಎಲ್ಲಿ, ಎಷ್ಟು ಕಾಲದಿಂದ, ಯಾವ ಉದ್ದೇಶದಿಂದ ವಾಸಿಸುತ್ತಿದೆ ಎಂಬುದೇ ಮುಖ್ಯ. ಇದು ಸಂಗತಿಗಳನ್ನು ಪರಿಶೀಲಿಸಿ ತೀರ್ಮಾನಿಸಬೇಕಾದ ಪ್ರಶ್ನೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದೆ.

ಆದುದರಿಂದ ರಜೆಯ ಮಾತ್ರಕ್ಕೆ ಧಾರವಾಡ ಆ ಮಗುವಿನ ಸಾಮಾನ್ಯ ವಾಸಸ್ಥಳವಾಗದು. ಪುಣೆಯ ಅರ್ಜಿಗೇ ಬಲ ಹೆಚ್ಚು. ಆದರೆ ಮಗಳು ಧಾರವಾಡದ ಶಾಲೆಗೆ ಸೇರಿ, ಎರಡು ಮೂರು ವರ್ಷ ಅಲ್ಲಿಯೇ ಬೆಳೆದ ಮೇಲೆ ತಂದೆ ಎಚ್ಚತ್ತರೆ ಚಿತ್ರವೇ ಬೇರೆಯಾಗಬಹುದು. ಸುಮ್ಮನೆ ಕಳೆದ ಕಾಲವೂ ಇಲ್ಲಿ ಸಾಕ್ಷ್ಯವಾಗುತ್ತದೆ.

ಪುಣೆಯ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂದರೆ ಮಗು ತಂದೆಗೇ ದೊರೆಯುತ್ತದೆ ಎಂದರ್ಥವಲ್ಲ. ಅದನ್ನು ನಿರ್ಣಯಿಸುವುದು ಮಗುವಿನ ಕ್ಷೇಮವೊಂದೇ.

ಹಿಂದೂ ದಂಪತಿಗಳ ವಿಚ್ಛೇದನದ ಅರ್ಜಿ ಈಗಾಗಲೇ ವಿಚಾರಣೆಯಲ್ಲಿದ್ದರೆ, 1955ರ ಹಿಂದೂ ವಿವಾಹ ಅಧಿನಿಯಮದ 26ನೆಯ ಪ್ರಕರಣದಂತೆ ಅದೇ ನ್ಯಾಯಾಲಯವು ಮಕ್ಕಳ ಅಭಿರಕ್ಷೆಯ ಬಗೆಗೂ ಆದೇಶ ನೀಡಬಹುದು. ಎರಡು ರಾಜ್ಯಗಳಲ್ಲಿ ಅರ್ಜಿಗಳಿದ್ದರೆ ಒಂದನ್ನು ಮತ್ತೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕಿದೆ. ಕೈಗೂಸನ್ನು ಕಟ್ಟಿಕೊಂಡು ಪ್ರತಿ ವಾಯಿದೆಗೂ ರೈಲು ಹತ್ತಬೇಕಾದ ತಾಯಂದಿರು ಇದನ್ನು ತಿಳಿದಿರುವುದು ಒಳಿತು.

ಅರ್ಜಿಯೊಡನೆ ಶಾಲೆಯ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಮನೆ ಬಾಡಿಗೆಯ ಕರಾರು ಮುಂತಾದ ವಾಸದ ಪುರಾವೆಗಳನ್ನು ಲಗತ್ತಿಸಬೇಕು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.