ಒಂದೇ ಕಾರಣಕ್ಕೆ ಕಟ್ಟುಬೀಳಬೇಡ

ಮಗೂ, ಮ್ಯಾಮತ್‌ನಂಥ ದೈತ್ಯ ಪ್ರಾಣಿಗಳನ್ನು ಅಳಿಸಿದ್ದು ಮನುಷ್ಯನೋ ಹವಾಮಾನವೋ ಎಂದು ಯಾರಾದರೂ ಕೇಳಿದರೆ ಥಟ್ಟನೆ ಒಂದು ಪಕ್ಷ ಸೇರಿಬಿಡಬೇಡ. ಯಾವ ನೆಲದ, ಯಾವ ಕಾಲದ ಪ್ರಾಣಿ ಎಂದು ತಿರುಗಿ ಕೇಳು.

ಬೇಟೆಯೇ ಕಾರಣ ಎಂದು ಗಟ್ಟಿದನಿಯಲ್ಲಿ ವಾದಿಸಿದವರು ಅರಿಜೋನಾದ ವಿಜ್ಞಾನಿ ಪಾಲ್ ಮಾರ್ಟಿನ್. ಉತ್ತರದಿಂದ ಅಮೆರಿಕಕ್ಕೆ ಇಳಿದ ಬೇಟೆಗಾರರ ಮುಂದೆ, ಮನುಷ್ಯನನ್ನೇ ಕಂಡರಿಯದ ಪ್ರಾಣಿಗಳು ಸಾವಿರ ವರ್ಷದೊಳಗೆ ಮುಗಿದುಹೋದವು ಎಂದು 1973ರಲ್ಲಿ ಬರೆದರು. ಅವರ ಪಕ್ಷದ ಒಂದು ಪ್ರಶ್ನೆಯ ಮೊನಚು ಇನ್ನೂ ಮೊಂಡಾಗಿಲ್ಲ: ಹಿಮಯುಗ ಎಷ್ಟೋ ಸಲ ಬಂದುಹೋಗಿತ್ತು, ಆಗೆಲ್ಲ ಬದುಕಿದವು ಈ ಸಲವೇ ಏಕೆ ಸತ್ತವು? ಪುರಾತತ್ತ್ವಜ್ಞರಾದ ಡೊನಾಲ್ಡ್ ಗ್ರೇಸನ್, ಡೇವಿಡ್ ಮೆಲ್ಟ್ಜರ್ ಇದಕ್ಕೆ ಮಣಿಯಲಿಲ್ಲ. ಕೊಲೆಯಾಗಿದ್ದರೆ ಗುರುತು ಬೇಕಲ್ಲ? ಉತ್ತರ ಅಮೆರಿಕದಲ್ಲಿ ಅಳಿದದ್ದು 30ಕ್ಕೂ ಹೆಚ್ಚು ಪ್ರಾಣಿಕುಲ. ಅವರು ಜರಡಿ ಹಿಡಿದಾಗ ಬೇಟೆಯ ಖಚಿತ ಕುರುಹು ಉಳಿದದ್ದು 14 ತಾಣಗಳಲ್ಲಿ, ಅದೂ ಮ್ಯಾಮತ್, ಮ್ಯಾಸ್ಟಡಾನ್‌ಗಳದ್ದು ಮಾತ್ರ.

ನನಗೆ ಹೆಚ್ಚು ಹಿಡಿಸಿದ ಸಾಕ್ಷಿ ಮೂಳೆಯಲ್ಲ, ಲದ್ದಿ. (ನಗಬೇಡ.) ಹುಲ್ಲು ಮೇಯುವ ಪ್ರಾಣಿಗಳ ಲದ್ದಿಯ ಮೇಲೆ ಬೆಳೆಯುವ ಒಂದು ಬೂಷ್ಟಿನ ಕಣಗಳು ಕೆರೆಯ ಕೆಸರಿನಲ್ಲಿ ಪದರಪದರವಾಗಿ ಉಳಿಯುತ್ತವೆ. ಕಣ ಕಡಿಮೆಯಾಯಿತೆಂದರೆ ಪ್ರಾಣಿ ಕಡಿಮೆಯಾಯಿತು. ಇಂಡಿಯಾನಾದ ಕೆರೆಯೊಂದರ ಕೆಸರನ್ನು ಜಾಕ್ವೆಲಿನ್ ಗಿಲ್ ತಂಡ ಹೀಗೆ ಎಣಿಸಿ 2009ರಲ್ಲಿ ಪ್ರಕಟಿಸಿತು. ಇಳಿತ ಸುಮಾರು 14,800 ವರ್ಷಗಳ ಹಿಂದೆಯೇ ಶುರುವಾಗಿತ್ತು. 12,900 ವರ್ಷಗಳ ಹಿಂದೆ ದಿಢೀರನೆ ಕವಿದ ಚಳಿಗಿಂತ ಮೊದಲು, ಕ್ಲೋವಿಸ್ ಎಂದು ಕರೆಯುವ ಅಮೆರಿಕದ ಪ್ರಾಚೀನ ಬೇಟೆಗಾರರ ಈಟಿಮೊನೆಗಳಿಗಿಂತಲೂ ಮೊದಲು! ಎರಡೂ ಪಕ್ಷದವರು ಲೆಕ್ಕ ತಿದ್ದಿಕೊಳ್ಳಬೇಕಾಯಿತು.

ದ್ವೀಪಗಳಲ್ಲಿ ಚಿತ್ರ ಇನ್ನೂ ಸ್ಪಷ್ಟ. ಅಲಾಸ್ಕದ ಸೇಂಟ್ ಪಾಲ್ ದ್ವೀಪದಲ್ಲಿ ಮ್ಯಾಮತ್‌ಗಳ ಕಾಲಕ್ಕೆ ಮನುಷ್ಯರೇ ಇರಲಿಲ್ಲ. ಕಡಲೇರಿ ನೆಲ ಕುಗ್ಗಿತು, ಸಿಹಿನೀರು ಬತ್ತುತ್ತ ಬಂತು, ಸುಮಾರು 5,600 ವರ್ಷಗಳ ಹಿಂದೆ ಅಲ್ಲಿನ ಮ್ಯಾಮತ್‌ಗಳು ಅಳಿದವು. ನ್ಯೂಜಿಲೆಂಡಿನ ಮೋವಾ ಹಕ್ಕಿಗಳ ಕತೆ ತದ್ವಿರುದ್ಧ. ಪಾಲಿನೇಷ್ಯನ್ನರು ಬಂದಿಳಿದ ಒಂದೆರಡು ಶತಮಾನದಲ್ಲಿ ಅವುಗಳ ಒಂಬತ್ತು ಪ್ರಭೇದಗಳೂ ಮುಗಿದವು. ಅಡುಗೆ ಗುಂಡಿಗಳಲ್ಲಿ ಮೂಳೆ, ಮೊಟ್ಟೆಚಿಪ್ಪು ಸಿಕ್ಕಿವೆ. ಅಲ್ಲಿ ಹವಾಮಾನವನ್ನು ದೂರುವುದು ಕುಂಟುನೆಪ.

ಒಟ್ಟಾರೆ ನನ್ನ ತೀರ್ಪು ಮನುಷ್ಯನ ವಿರುದ್ಧವೇ, ಮುಚ್ಚಿಡುವುದಿಲ್ಲ. ಆದರೆ ಸೇಂಟ್ ಪಾಲ್ ದ್ವೀಪವನ್ನು ಮರೆತು ಹಾಗೆ ಹೇಳಿದರೆ ಅದು ಬರೀ ಹಟ. ಭಾರತವನ್ನೂ ಲೆಕ್ಕಕ್ಕೆ ಹಿಡಿ: ಇಲ್ಲಿ ನೀರಾನೆಯಂಥ ಕೆಲವು ಅಳಿದರೂ ಆನೆ, ಘೇಂಡಾಮೃಗ, ಕಾಟಿ ಉಳಿದವು. ಮನುಷ್ಯನ ಜೊತೆ ಬಹುಕಾಲ ಬಾಳಿದ ಪ್ರಾಣಿಗಳು ಅವನಿಗೆ ಹೆದರಲು ಕಲಿತಿದ್ದವು ಎನ್ನುತ್ತಾರೆ ಕೆಲವು ತಜ್ಞರು.

ಮಾರ್ಟಿನ್ ಲೇಖನವನ್ನೂ, ಅದಕ್ಕೆ ಗ್ರೇಸನ್ ಮತ್ತು ಮೆಲ್ಟ್ಜರ್ 2003ರಲ್ಲಿ ಎತ್ತಿದ ತಕರಾರನ್ನೂ ಹುಡುಕಿ ಓದು. ನಿನಗೆ ಒಪ್ಪಿಗೆಯಾಗದ ಪಕ್ಷವನ್ನು ಮೊದಲು ಓದು.