ಸಾಲದ ಲೆಕ್ಕವನ್ನು ರೈತರು ನೋಡತಕ್ಕ ಕ್ರಮ

ಬೀಜ, ಗೊಬ್ಬರ, ಎತ್ತು ಮೊದಲಾದವುಗಳಿಗಾಗಿ ರೈತನು ಸಾಲಮಾಡಬೇಕಾಗುವುದುಂಟು. ಆದರೆ ಲೆಕ್ಕ ತಿಳಿಯದೆ ಮಾಡಿದ ಸಾಲವು ಅವನ ಭೂಮಿಗೇ ಕುತ್ತಾಗುವುದು. 1875ರಲ್ಲಿ ಪೂನಾ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ತರುವಾಯ 1879ರಲ್ಲಿ ಆದ ದಖ್ಖನಿನ ರೈತರ ಪರಿಹಾರ ಕಾನೂನು, ರಶೀದಿಯನ್ನೂ ಲೆಕ್ಕದ ಪಟ್ಟಿಯನ್ನೂ ಕೇಳಿ ಪಡೆಯುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿಯೂ 1928ರಲ್ಲಿ ಇಂಥ ಕಾನೂನು ಆಯಿತು. ಹಕ್ಕಿದ್ದರೂ ಕೇಳದವನಿಗೆ ಅದರಿಂದ ಫಲವಿಲ್ಲ.

ಬಡ್ಡಿಯ ಲೆಕ್ಕ.— 10,000 ರೂಪಾಯಿ ಸಾಲಕ್ಕೆ ಶೇಕಡ 12ರಂತೆ ವರ್ಷಕ್ಕೆ 1,200 ರೂಪಾಯಿ ಬಡ್ಡಿಯೆಂದು ಗೊತ್ತುಮಾಡಿ, ಒಟ್ಟು 11,200 ರೂಪಾಯಿಗಳನ್ನು 12 ಸಮನಾದ ಮಾಸಿಕ ಕಂತುಗಳಲ್ಲಿ ವಸೂಲುಮಾಡುವ ಪದ್ಧತಿಯುಂಟು. ತಿಂಗಳು ತಿಂಗಳಿಗೂ ಅಸಲು ಇಳಿಯುತ್ತ ಬರುವುದರಿಂದ, ವರ್ಷದಲ್ಲಿ ರೈತನ ಬಳಿ ಸರಾಸರಿ ಉಳಿಯುವ ಸಾಲದ ಹಣ ಸುಮಾರು ಐದೂವರೆ ಸಾವಿರ ಮಾತ್ರ. ಬಡ್ಡಿಯನ್ನಾದರೋ ಪೂರ್ತಿ ಹತ್ತು ಸಾವಿರಕ್ಕೆ ತೆರುತ್ತಾನೆ. ಆದಕಾರಣ ನಿಜವಾದ ದರ ಶೇಕಡ 21ಕ್ಕೂ ಮೇಲಾಗುವುದು. ಇಳಿಯುವ ಅಸಲಿನ ಮೇಲೆ ಬಡ್ಡಿ ಎಷ್ಟೆಂದು ಮೊದಲೇ ಕೇಳತಕ್ಕದ್ದು.

ಕಾಗದಪತ್ರ.— ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಕುಟುಂಬಗಳಿಗೆ ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಅಡವಿಲ್ಲದೆ ಕೊಡುವ ಕಿರುಸಾಲಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಗಳನ್ನು ವಿಧಿಸಿತು. ಅವುಗಳಲ್ಲಿ ಮುಖ್ಯವಾದವು:

1. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡನ್ನು ಕೊಡತಕ್ಕದ್ದು. ಕಟ್ಟಿದ ಕಂತುಗಳೂ ಸಾಲ ತೀರಿದ ವಿಷಯವೂ ಅದರಲ್ಲಿ ದಾಖಲಾಗತಕ್ಕದ್ದು.

2. ಕುಟುಂಬದ ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು.

3. ಕಂತು ತಪ್ಪಿದರೆ, ಬಾಕಿಬಿದ್ದ ಹಣಕ್ಕೆ ಮಾತ್ರ ದಂಡವೇ ಹೊರತು ಸಾಲದ ಪೂರ್ತಿ ಮೊಬಲಗಿಗಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ.

4. ವಸೂಲಿಗಾರರು ಬೆಳಗ್ಗೆ 9 ಗಂಟೆಗೆ ಮುಂಚೆಯೂ ಸಂಜೆ 6 ಗಂಟೆಯ ತರುವಾಯವೂ ಸಾಲಗಾರನನ್ನು ಕರೆಯಕೂಡದು. ಬೆದರಿಕೆ, ಬೈಗುಳಗಳನ್ನು ಉಪಯೋಗಿಸಕೂಡದು.

ಊರಿನ ಮುಖಂಡರ ಕರ್ತವ್ಯ.— ಓದುಬಾರದವರ ಸಾಲಪತ್ರವನ್ನು ಹೆಬ್ಬೆಟ್ಟು ಒತ್ತುವುದಕ್ಕೆ ಮುಂಚೆ ಓದಿ ಹೇಳುವುದು ಮುಖಂಡರಿಗೆ ತಕ್ಕ ಕೆಲಸ. ಬರಿಯ ಕಾಗದಕ್ಕೆ ರುಜುಹಾಕಲು ಯಾರನ್ನೂ ಬಿಡಬಾರದು. ಅನ್ಯಾಯವಾದಲ್ಲಿ ಮೊದಲು ಆ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಿಸಿ, ನಕಲನ್ನು ಇಟ್ಟುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. 14448 ಎಂಬ ದೂರವಾಣಿಯಲ್ಲಿ ಇದರ ವಿವರ ದೊರೆಯುವುದು. ಕಾರ್ಡನ್ನೂ ರಶೀದಿಗಳನ್ನೂ ಪಹಣಿಪತ್ರದಷ್ಟೇ ಜೋಪಾನವಾಗಿ ಕಾಪಾಡಿದ ರೈತನ ಮಾತಿಗೆ ಎಲ್ಲಿಯಾದರೂ ಬೆಲೆಯುಂಟು.