ನಿಷ್ಠೆ ಹೆಸರಿಗೋ, ಮೌಂಟಿಗೋ?

ನಮ್ಮ ಕ್ಯಾಂಪಸ್‌ನಲ್ಲಿ ಕ್ಯಾಮೆರಾ ಇರುವವರು ಕಡಿಮೆ, ಕ್ಯಾಮೆರಾ ಬಗ್ಗೆ ಜಗಳ ಮಾತ್ರ ಜಾಸ್ತಿ. "ನಾ ಕ್ಯಾನನ್ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ" ಅಂತ ಒಬ್ಬ, "ನಿಕಾನ್ ಅಂದ್ರ ನಿಕಾನ್‌ಲೇ" ಅಂತ ಇನ್ನೊಬ್ಬ. ಸೋನಿ ಇಟ್ಟುಕೊಂಡವನು ಇಬ್ಬರನ್ನೂ ನೋಡಿ ನಗ್ತಿರ್ತಾನ.

ಐಪಿಎಲ್ ಟೀಮಿಗೆ ನಿಷ್ಠೆ ಇಟ್ಟರೆ ಖರ್ಚೇನೂ ಇಲ್ಲ. ಕ್ಯಾಮೆರಾ ಕಂಪನಿಗೆ ಇಟ್ಟರೆ ಖರ್ಚದ. ನಮ್ಮಲ್ಲಿ ಎಷ್ಟೋ ಮಂದಿ ತಿಕೋಟಾ, ಬಬಲೇಶ್ವರ ಕಡೆಯ ರೈತರ ಮಕ್ಕಳು. ದ್ರಾಕ್ಷಿಗೆ ರೇಟ್ ಬಂದ ವರ್ಷ ಕ್ಯಾಮೆರಾ, ಬರದ ವರ್ಷ ಇಲ್ಲ. ಅಂಥ ದುಡ್ಡು ಹಾಕುವಾಗ ಜಗಳಕ್ಕಿಂತ ಲೆಕ್ಕ ಒಳ್ಳೇದು. ಹವ್ಯಾಸಕ್ಕೆ ಫೋಟೋ ತೆಗೆಯುವವರು ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳಬೇಕಾ? ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಅಂಟಿಕೊಳ್ಳಿ, ಆದರೆ ಹೆಸರಿಗಲ್ಲ, ಮೌಂಟಿಗೆ. ಯಾಕೆ ಅಂತ ಹಂತ ಹಂತವಾಗಿ ನೋಡೋಣ.

1. ಗೋಳಗುಮ್ಮಟದ ಲೆಕ್ಕ

ಬ್ರ್ಯಾಂಡ್ ಬದಲಾದರೆ ಫೋಟೋ ಎಷ್ಟು ಬದಲಾಗುತ್ತದೆ? ಗೋಳಗುಮ್ಮಟದ ಚೌಕದ ಒಂದು ಬದಿ ಸುಮಾರು 47.5 ಮೀಟರ್. ಇದು ಫ್ರೇಮಿನಲ್ಲಿ ಅಡ್ಡಕ್ಕೆ ಪೂರ್ತಿ ತುಂಬಬೇಕಾದರೆ ಎಷ್ಟು ದೂರ ನಿಲ್ಲಬೇಕು? ಎಸ್‌ಎಸ್‌ಎಲ್‌ಸಿಯಲ್ಲಿ ಕಲಿತ ಸಮರೂಪ ತ್ರಿಭುಜ ಸಾಕು:

ದೂರ = ಕಟ್ಟಡದ ಅಗಲ × ಫೋಕಲ್ ಲೆಂತ್ ÷ ಸೆನ್ಸರ್ ಅಗಲ

ಸ್ಟೂಡೆಂಟ್‌ಗಳ ಕೈಯಲ್ಲಿ ಇರುವುದು ಹೆಚ್ಚಾಗಿ ಸಣ್ಣ ಸೆನ್ಸರಿನ, ಅಂದರೆ ಎಪಿಎಸ್-ಸಿ ಕ್ಯಾಮೆರಾ. ನಿಕಾನ್‌ನಲ್ಲಿ ಅದರ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಿ 22.3 ಮಿ.ಮೀ. ಜೊತೆಗೆ ಬರುವ 18-55 ಲೆನ್ಸನ್ನು 18ಕ್ಕೆ ಇಟ್ಟರೆ ನಿಕಾನ್‌ನವನು 36.4 ಮೀಟರ್ ದೂರ ನಿಲ್ಲಬೇಕು, ಕ್ಯಾನನ್‌ನವನು 38.3 ಮೀಟರ್. ವ್ಯತ್ಯಾಸ ಎರಡು ಮೀಟರ್, ಮೂರು ಹೆಜ್ಜೆ!

ಈಗ ಅದೇ ನಿಕಾನ್ ಬಾಡಿಗೆ 50 ಮಿ.ಮೀ. ಲೆನ್ಸ್ ಹಾಕಿ. ದೂರ 101 ಮೀಟರ್ ಆಗುತ್ತದೆ. ಬ್ರ್ಯಾಂಡ್ ನಿಮ್ಮನ್ನು 2 ಮೀಟರ್ ಸರಿಸಿತು, ಲೆನ್ಸ್ 65 ಮೀಟರ್ ಸರಿಸಿತು.

ಬೆಳಕಿನ ಕಥೆಯೂ ಹಂಗ. ಸಂಕ್ರಾಂತಿಯ ಸಿದ್ದೇಶ್ವರ ಜಾತ್ರೆಯಲ್ಲಿ ರಾತ್ರಿ ಫೋಟೋ ತೆಗೀಬೇಕು. ಕಿಟ್ ಲೆನ್ಸನ್ನು 55ಕ್ಕೆ ಇಟ್ಟಾಗ ಅದು ತೆರೆಯುವುದು ಎಫ್ 5.6 ತನಕ ಮಾತ್ರ. 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ 5.6 ಭಾಗಿಸು 1.8, ಅದರ ವರ್ಗ: ಸುಮಾರು 9.7. ಹತ್ತಿರ ಹತ್ತು ಪಟ್ಟು ಬೆಳಕು. ಬಾಡಿ ಮೇಲಿನ ಹೆಸರು ಬದಲಾಯಿಸಿದರೆ ಇಷ್ಟು ಬೆಳಕು ಬರಂಗಿಲ್ಲ. ನಿಕಾನ್‌ನ ಎಷ್ಟೋ ಕ್ಯಾಮೆರಾಗಳ ಒಳಗಿನ ಸೆನ್ಸರ್ ತಯಾರಿಸಿದ್ದೇ ಸೋನಿ. ಅಂದಮೇಲೆ ದುಡ್ಡು ಹೋಗಬೇಕಾದದ್ದು ಲೆನ್ಸಿಗೆ. ಲೆನ್ಸ್ ಯಾವುದಕ್ಕೆ ಕೂರುತ್ತದೆ ಅನ್ನೋದೇ ಮುಂದಿನ ಪ್ರಶ್ನೆ.

2. ಮೌಂಟ್ ಅಂದರೇನು?

ಬಾಡಿ ಮೇಲೆ ಲೆನ್ಸ್ ಕೂರುವ ಲೋಹದ ಉಂಗುರವೇ ಮೌಂಟ್. ಆ ಉಂಗುರದಿಂದ ಸೆನ್ಸರ್‌ವರೆಗಿನ ದೂರಕ್ಕೆ ಫ್ಲಾಂಜ್ ದೂರ ಅಂತಾರೆ. ಪ್ರತಿ ಲೆನ್ಸನ್ನೂ ಒಂದು ಫ್ಲಾಂಜ್ ದೂರಕ್ಕೆ ಅಂತಲೇ ಮಾಡಿರುತ್ತಾರೆ. ಲೆನ್ಸ್ ಅದಕ್ಕಿಂತ ದೂರ ಕೂತರೆ ಹತ್ತಿರದ ವಸ್ತು ಮಾತ್ರ ಫೋಕಸ್ ಆಗುತ್ತದೆ, ದೂರದ್ದು ಮಸುಕಾಗೇ ಉಳಿಯುತ್ತದೆ.

ನೆನಪಿಡಬೇಕಾದ ಅಂಕಿಗಳು:

ನಿಕಾನ್ ಎಫ್ (1959): 46.5 ಮಿ.ಮೀ.
ಕ್ಯಾನನ್ ಇಎಫ್ (1987): 44 ಮಿ.ಮೀ.
ಸೋನಿ ಇ (2010): 18 ಮಿ.ಮೀ.
ಕ್ಯಾನನ್ ಇಎಫ್-ಎಂ (2012): 18 ಮಿ.ಮೀ.
ಕ್ಯಾನನ್ ಆರ್‌ಎಫ್ (2018): 20 ಮಿ.ಮೀ.
ನಿಕಾನ್ ಝಡ್ (2018): 16 ಮಿ.ಮೀ.

ಮೊದಲ ಎರಡು ಡಿಎಸ್‌ಎಲ್‌ಆರ್ ಮೌಂಟ್‌ಗಳು. ಅವುಗಳಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಕನ್ನಡಿ ಏಳಬೇಕು, ಇಳಿಯಬೇಕು. ಅದಕ್ಕೇ ಅಷ್ಟು ಜಾಗ. ಉಳಿದವು ಮಿರರ್‌ಲೆಸ್; ಕನ್ನಡಿ ಇಲ್ಲ, ಜಾಗ ಉಳಿಯಿತು.

ನಿಯಮ ಸರಳ: ಲೆನ್ಸಿನ ದೂರದಿಂದ ಬಾಡಿಯ ದೂರ ಕಳೆಯಿರಿ. ಉಳಿದದ್ದು ಅಡಾಪ್ಟರಿನ ದಪ್ಪ. ಕ್ಯಾನನ್ ಇಎಫ್ ಲೆನ್ಸನ್ನು ಆರ್‌ಎಫ್ ಬಾಡಿಗೆ ಹಾಕಲು 44 – 20 = 24 ಮಿ.ಮೀ. ಅದೇ ಲೆನ್ಸನ್ನು ಸೋನಿಗೆ ಹಾಕಲು 44 – 18 = 26 ಮಿ.ಮೀ. ನಿಕಾನ್ ಎಫ್ ಲೆನ್ಸನ್ನು ನಿಕಾನ್ ಝಡ್‌ಗೆ ಹಾಕಲು 30.5 ಮಿ.ಮೀ. ಉತ್ತರ ಮೈನಸ್ ಬಂತೋ, ಕೆಲಸ ಮುಗೀತು. ನಡುವೆ ಇನ್ನೊಂದು ಗಾಜು ಹಾಕದೆ ದೂರದ ಫೋಕಸ್ ಸಿಗುವುದಿಲ್ಲ. ಮೈನಸ್ ದಪ್ಪದ ಉಂಗುರ ಯಾವ ವರ್ಕ್‌ಶಾಪಿನಲ್ಲೂ ಮಾಡಾಕ ಬರಂಗಿಲ್ಲ.

3. ಹೆಸರು ಒಂದೇ, ಮನೆ ಬೇರೆ

ಈಗ ನಿಷ್ಠಾವಂತರು ಗಮನ ಕೊಡಬೇಕಾದ ಜಾಗ. ಕ್ಯಾನನ್ ಎಂ50 2018ರಲ್ಲಿ ಬಂತು, ಅದರ ಮೌಂಟ್ ಇಎಫ್-ಎಂ. ಅದೇ ವರ್ಷ ಅದೇ ಕಂಪನಿ ಆರ್‌ಎಫ್ ಮೌಂಟ್ ತಂದಿತು. ಎಂ50ಯ ಲೆನ್ಸನ್ನು ಆರ್‌ಎಫ್ ಬಾಡಿಗೆ ಹಾಕೋಣ ಅಂದರೆ 18 – 20 = ಮೈನಸ್ 2. ಇಎಫ್-ಎಂ ಸಾಲು ಮುಂದೆ ನಿಂತೇ ಹೋಯಿತು. "ನಮ್ಮದು ಕ್ಯಾನನ್" ಅಂತ ನಂಬಿ ನಾಲ್ಕು ಇಎಫ್-ಎಂ ಲೆನ್ಸ್ ತಗೊಂಡವರಿಗೆ ಆ ಹೆಸರು ಕೈ ಹಿಡಿಯಲಿಲ್ಲ. ಹಳೆಯ ಇಎಫ್ ಲೆನ್ಸ್ ಇದ್ದವರು ಮಾತ್ರ ಕ್ಯಾನನ್‌ನಲ್ಲೂ ಉಳಿಯಬಹುದು, ಸೋನಿಗೂ ಹೋಗಬಹುದು.

ಇದು ಮೊದಲ ಸಲವೇನೂ ಅಲ್ಲ. 1987ರಲ್ಲಿ ಇಎಫ್ ತಂದಾಗಲೂ ಕ್ಯಾನನ್ ತನ್ನ ಹಿಂದಿನ ಎಫ್‌ಡಿ ಮೌಂಟನ್ನು ಕೈಬಿಟ್ಟಿತ್ತು. ನಿಕಾನ್ 1959ರ ಎಫ್ ಮೌಂಟನ್ನೇ ಡಿಎಸ್‌ಎಲ್‌ಆರ್ ಕಾಲದವರೆಗೂ ಉಳಿಸಿಕೊಂಡಿತು. ಆದರೆ ಅಲ್ಲೂ ಒಂದು ಗುಟ್ಟದ. ಡಿ3500, ಡಿ5600ನಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಅದರ ಮೇಲೆ ಕೂರುತ್ತದೆ, ಫೋಟೋನೂ ಬರುತ್ತದೆ, ಫೋಕಸ್ ಮಾತ್ರ ಕೈಯಿಂದ ತಿರುಗಿಸಬೇಕು. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳುವಾಗ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿದೆಯಾ ನೋಡ್ಕೋರಿ.

ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರದಿಂದ ಹೊರಬಂತು. ಆದರೆ ಅದರ ಎ-ಮೌಂಟನ್ನು ಸೋನಿ ಮುಂದುವರಿಸಿತು. ಅಲ್ಲಿ ಹೆಸರು ಹೋಯಿತು, ಲೆನ್ಸ್ ಉಳಿಯಿತು.

4. ಹಾಗಾದರೆ ಒಂದೇ ಕಡೆ ಯಾಕೆ ಇರಬೇಕು?

ಮೂರು ಒಳ್ಳೆಯ ಕಾರಣ ಇವೆ.

ಒಂದು, ದುಡ್ಡು. ನಿಮ್ಮ ಬಾಡಿ, ಲೆನ್ಸ್ ಸೇರಿ 40,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮಾರಿದರೆ 24,000 ಬಂತು ಅನ್ನಿ. ಅಂಥದ್ದೇ ಸೆಟ್ ಬೇರೆ ಬ್ರ್ಯಾಂಡಿನಲ್ಲಿ ಮತ್ತೆ 40,000. ಅಂದರೆ ಹೆಸರು ಬದಲಾಯಿಸಿದ್ದಕ್ಕೆ 16,000 ಹೋಯಿತು. ಆ ದುಡ್ಡಿಗೆ ಈಗಿರುವ ಬಾಡಿಗೇ ಒಂದು ಒಳ್ಳೆಯ ಲೆನ್ಸ್ ನೋಡಬಹುದಿತ್ತು.

ಎರಡು, ಕೈ ರೂಢಿ. ನಿಕಾನ್ ಲೆನ್ಸ್ ಕೂರಿಸಲು ತಿರುಗಿಸುವ ದಿಕ್ಕೇ ಬೇರೆ, ಕ್ಯಾನನ್‌ದೇ ಬೇರೆ. ಜೂಮ್ ರಿಂಗೂ ಉಲ್ಟಾ. ಮಮದಾಪುರ ಕೆರೆ ಮೇಲೆ ಹಕ್ಕಿ ಹಾರಿದಾಗ ಬೆರಳು ಯೋಚನೆ ಮಾಡ್ತಾ ಕೂತರೆ ಹಕ್ಕಿ ಕಾಯಂಗಿಲ್ಲ.

ಮೂರು, ಮಂದಿ. ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಹಾಸ್ಟೆಲ್‌ನಲ್ಲಿ ನಾಲ್ಕು ಜನರ ಹತ್ತಿರ ಒಂದೇ ಮೌಂಟ್ ಇದ್ದರೆ ಒಬ್ಬ 50 ಎಫ್ 1.8, ಒಬ್ಬ 55-250, ಇನ್ನೊಬ್ಬ ಮ್ಯಾಕ್ರೋ ತಗೊಂಡು ಹಂಚಿಕೊಳ್ಳಬಹುದು. ತಿಕೋಟಾದ ತೋಟದಲ್ಲಿ ದ್ರಾಕ್ಷಿ ಗೊಂಚಲು ತೆಗೆಯಲು ಮ್ಯಾಕ್ರೋ, ಬಾರಾ ಕಮಾನಿಗೆ 18-55. ನಾಲ್ವರೂ ಬೇರೆ ಬೇರೆ ಮೌಂಟ್ ಆದರೆ ನಾಲ್ಕು ಕಿಟ್ ಲೆನ್ಸ್, ಜೊತೆಗೆ ಒಂದು ಜಗಳ, ಅಷ್ಟೇ.

5. ತಗೊಳ್ಳುವ ಮುಂಚೆ

ಇಂಟರ್ನೆಟ್‌ನಲ್ಲಿ "ಯಾವ ಬ್ರ್ಯಾಂಡ್ ಬೆಸ್ಟ್" ಅಂತ ಹುಡುಕುವ ಮೊದಲು ಇಷ್ಟು ಮಾಡಿ. ನಿಮ್ಮ ಊರಲ್ಲಿ ಮದುವೆ ಫೋಟೋ ತೆಗೆಯುವ ಅಣ್ಣನ ಹತ್ತಿರ, ರೂಮ್‌ಮೇಟ್ ಹತ್ತಿರ ಯಾವ ಮೌಂಟ್ ಇದೆ ಕೇಳಿ. ಆ ಮೌಂಟಿಗೆ ಈಗಲೂ ಹೊಸ ಬಾಡಿ ಬರುತ್ತಿದೆಯಾ, ಇಲ್ಲವಾದರೆ ಮುಂದಿನ ಬಾಡಿಗೆ ಕಳೆಯುವ ಲೆಕ್ಕ ಪ್ಲಸ್ ಬರುತ್ತದಾ ನೋಡಿ. ಆಮೇಲೆ ಬಜೆಟ್‌ನಲ್ಲಿ ಬಾಡಿಗೆ ಕಡಿಮೆ, ಲೆನ್ಸಿಗೆ ಹೆಚ್ಚು ಇಡಿ.

ಈಗಾಗಲೇ ಕ್ಯಾಮೆರಾ ಇದ್ದವರಿಗೆ ಒಂದೇ ಪ್ರಶ್ನೆ: "ನನಗೆ ಬೇಕಾದ ಯಾವ ಫೋಟೋ ಈ ಮೌಂಟಿನಲ್ಲಿ ಸಾಧ್ಯವೇ ಇಲ್ಲ?" ಉತ್ತರ ಸ್ಪಷ್ಟವಾಗಿ ಸಿಕ್ಕರೆ ಧೈರ್ಯವಾಗಿ ಬದಲಾಯಿಸಿ, ಯಾರೂ ದ್ರೋಹಿ ಅನ್ನೋದಿಲ್ಲ. ಸಿಗದಿದ್ದರೆ ಇದ್ದಲ್ಲೇ ಇರಿ.

ಅಭ್ಯಾಸಕ್ಕೆ ಒಂದು ಲೆಕ್ಕ: ಸೋನಿ ಇ ಲೆನ್ಸನ್ನು ನಿಕಾನ್ ಝಡ್ ಬಾಡಿಗೆ ಹಾಕಬಹುದಾ? ಅಡಾಪ್ಟರ್ ಎಷ್ಟು ದಪ್ಪ? ತಿರುವು ಮುರುವಾಗಿ ಹಾಕಿದರೆ ಏನಾಗುತ್ತದೆ? ಮೇಲಿನ ಪಟ್ಟಿ ನೋಡಿ ನೀವೇ ಹೇಳ್ರಿ.